ಚರ್ಮದ ಕಾಯಿಲೆ ಕೀಲಿಗೆ ಇಳಿದಾಗ

ಕೀಲುನೋವು ಎಂದರೆ ನಮ್ಮ ಕಡೆ ಅದು ವಯಸ್ಸಾದವರ ಸೊತ್ತು. ಅತ್ತೆಗೆ ಮೊಣಕಾಲು ಹಿಡಿಯುತ್ತದೆ, ಮಾವನವರಿಗೆ ಸೊಂಟ ಹಿಡಿಯುತ್ತದೆ, ನಾವು ಎಣ್ಣೆ ಬಿಸಿ ಮಾಡಿ ಕೊಡುತ್ತೇವೆ, ಅಷ್ಟೇ. ಇನ್ನು ಮೈಮೇಲೆ ಹೊಟ್ಟು ಏಳುವುದೆಂದರೆ ಅದು ಬೇರೆಯೇ ಲೆಕ್ಕ. ಯಾರಿಗೂ ಹೇಳದೆ ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುವ ವಿಷಯ ಅದು. ಈ ಎರಡೂ ಒಂದೇ ಕಾಯಿಲೆಯ ಎರಡು ಕೊಂಬೆಗಳಾಗಿರಬಹುದು ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಮೂವತ್ತು ನಲವತ್ತರ ವಯಸ್ಸಿನಲ್ಲಿ, ಮಕ್ಕಳ ಸ್ಕೂಲು, ಮನೆಗೆಲಸ ಎಂದು ಉಸಿರಾಡಲು ಪುರುಸೊತ್ತಿಲ್ಲದ ಕಾಲದಲ್ಲೇ ಬಂದು ಕೈಕಾಲು ಕಟ್ಟಿಹಾಕುವ ಕಾಯಿಲೆ ಇದು. ಸೋರಿಯಾಟಿಕ್ ಆರ್ಥ್ರೈಟಿಸ್ ಎಂದು ಇದರ ಹೆಸರು. ಹೆಸರು ಬಾಯಿಗೆ ಕೂರುವುದಕ್ಕೇ ನನಗೆ ಒಂದು ತಿಂಗಳು ಹಿಡಿಯಿತು. ನಮ್ಮತ್ತೆಯವರು ಇವತ್ತಿಗೂ ಅದನ್ನು "ಆ ಸೋರೆಕಾಯಿ ಕಾಯಿಲೆ" ಅಂತಲೇ ಅನ್ನುವುದು.

ನಾನು ವೈದ್ಯಳಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ, ಮದುವೆಯಾಗಿ ತಿಪಟೂರಿಗೆ ಬಂದವಳು. ಆದರೆ 2019ರಿಂದ ಈ ಕಾಯಿಲೆಯ ಜೊತೆಗೂ ಸಂಸಾರ ಮಾಡುತ್ತಿದ್ದೇನೆ. ಇದಕ್ಕೆ ಕೊಡುವ ಔಷಧಿಯ ವಿಷಯದಲ್ಲಿ ನಮ್ಮಂಥ ಚಿಕ್ಕ ಊರಿನ ಹೆಂಗಸರು ತಿಳಿದಿರಲೇಬೇಕಾದ ಕೆಲವು ಮಾತುಗಳಿವೆ. ಅದಕ್ಕೇ ಬರೆಯಲು ಕೂತೆ.

ಏನಿದು ಕಾಯಿಲೆ?

ರೋಗಾಣುಗಳ ಜೊತೆ ಹೋರಾಡಲು ನಮ್ಮ ದೇಹದಲ್ಲಿ ಒಂದು ಕಾವಲು ಪಡೆ ಇದೆ. ರೋಗನಿರೋಧಕ ಶಕ್ತಿ ಅನ್ನುವುದು ಅದನ್ನೇ. ಕಾವಲಿಗೆಂದು ಸಾಕಿದ ನಾಯಿ ಕಳ್ಳನನ್ನು ಬಿಟ್ಟು ಮನೆಯವರಿಗೇ ಬಾಯಿ ಹಾಕಿದರೆ ಹೇಗೆ? ಇಲ್ಲಿ ಆಗುವುದೂ ಅದೇ. ಚರ್ಮಕ್ಕೆ ಬಾಯಿ ಹಾಕಿದರೆ ಅದು ಸೋರಿಯಾಸಿಸ್. ಸಾಮಾನ್ಯವಾಗಿ ನಮ್ಮ ಚರ್ಮದ ಹಳೆಯ ಪದರ ಉದುರಿ ಹೊಸದು ಬರುವುದಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವವರಲ್ಲಿ ಈ ಕೆಲಸ ಕೆಲವೇ ದಿನಗಳಲ್ಲಿ ನಡೆದುಹೋಗುತ್ತದೆ. ಹಾಗಾಗಿ ಮೊಣಕೈ, ಮೊಣಕಾಲು, ತಲೆ, ಕಿವಿಯ ಹಿಂದೆ ಬೆಳ್ಳಿ ಬಣ್ಣದ ಹೊಟ್ಟು ಪದರ ಪದರವಾಗಿ ಕೂರುತ್ತದೆ. ಅದೇ ಪಡೆ ಕೀಲುಗಳಿಗೂ, ಸ್ನಾಯು ಬಂದು ಮೂಳೆಗೆ ಅಂಟಿಕೊಳ್ಳುವ ಜಾಗಗಳಿಗೂ ನುಗ್ಗಿದರೆ ಆಗ ಸೋರಿಯಾಟಿಕ್ ಆರ್ಥ್ರೈಟಿಸ್. ಚರ್ಮದ ಕಾಯಿಲೆ ಇದ್ದವರಿಗೆಲ್ಲ ಇದು ಬರುವುದಿಲ್ಲ. ಬಂದವರಲ್ಲಿ ಹೆಚ್ಚಿನವರಿಗೆ ಮೊದಲು ಚರ್ಮ, ಆಮೇಲೆ ಎಷ್ಟೋ ವರ್ಷ ಬಿಟ್ಟು ಕೀಲು. ಕೆಲವರಿಗೆ ಮಾತ್ರ ಕೀಲೇ ಮೊದಲು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದು ಅಂಟುರೋಗ ಅಲ್ಲವೇ ಅಲ್ಲ. ಒಂದೇ ಸೋಪು, ಒಂದೇ ಟವೆಲ್, ಒಂದೇ ಹಾಸಿಗೆ ಯಾವುದರಿಂದಲೂ ಇದು ಹರಡುವುದಿಲ್ಲ. ಅರಿಶಿನ ಕುಂಕುಮಕ್ಕೆ ಕರೆದ ಮನೆಯಲ್ಲಿ ನನ್ನ ಮೊಣಕೈ ನೋಡಿ ಕುಂಕುಮದ ಬಟ್ಟಲನ್ನು ದೂರದಿಂದಲೇ ಚಾಚಿದವರಿದ್ದಾರೆ. ಅವರಿಗೂ ಈ ಸಾಲು ಕಣ್ಣಿಗೆ ಬೀಳಲಿ.

ಗುರುತು ಹಿಡಿಯುವುದು ಹೇಗೆ ಅಂತೀರಾ? ಬೆಳಿಗ್ಗೆ ಎದ್ದಾಗ ಕೈಕಾಲು ಮರಗಟ್ಟಿದ ಹಾಗಾಗಿ ಸಡಿಲವಾಗಲು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ದುಡಿದು ಬಂದ ನೋವು ಕೂತರೆ ಕಡಿಮೆಯಾಗುತ್ತದೆ. ಇದು ಹಾಗಲ್ಲ, ಕೂತಷ್ಟೂ ಬಿಗಿಯುತ್ತದೆ, ಓಡಾಡಿದರೆ ಸ್ವಲ್ಪ ಬಿಡುತ್ತದೆ. ಒಂದು ಗೆಣ್ಣು ಮಾತ್ರವಲ್ಲ, ಇಡೀ ಬೆರಳೇ ಬುಡದಿಂದ ತುದಿಯವರೆಗೆ ಏಲಕ್ಕಿ ಬಾಳೆಹಣ್ಣಿನ ಹಾಗೆ ಊದುತ್ತದೆ. ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಗುಳಿ ಬೀಳುತ್ತದೆ, ಇಲ್ಲವೇ ಉಗುರು ಬುಡ ಬಿಟ್ಟು ಮೇಲೇಳುತ್ತದೆ. ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಯಲ್ಲಿ ಜೀವ ಹೋಗುತ್ತದೆ. ಕೆಲವರಿಗೆ ಕಣ್ಣು ಕೆಂಪಾಗಿ ನೋಯುವುದೂ ಉಂಟು.

ನನಗೆ ಶುರುವಾದದ್ದು ಕಾಲಿನ ಎರಡನೇ ಬೆರಳಿಂದ. ಕಾಲುಂಗುರ ಹಾಕುವ ಬೆರಳು! ಮೂರು ದಿನದಲ್ಲಿ ಬೆರಳು ಊದಿ ಕಾಲುಂಗುರ ಮಾಂಸದೊಳಗೆ ಹೂತುಹೋಯಿತು. ಸೋಪು ಹಚ್ಚಿದರೂ ಇಲ್ಲ, ಎಣ್ಣೆ ಹಚ್ಚಿದರೂ ಇಲ್ಲ. ಕೊನೆಗೆ ಅಕ್ಕಸಾಲಿಯನ್ನು ಮನೆಗೇ ಕರೆಸಿ ಕತ್ತರಿಸಬೇಕಾಯಿತು. "ಮುತ್ತೈದೆ ಕಾಲುಂಗುರ ಕತ್ತರಿಸೋದುಂಟೇನಮ್ಮಾ?" ಅಂತ ಅತ್ತೆಯವರು ದೇವರ ಮನೆ ಬಾಗಿಲಲ್ಲಿ ಕೂತು ಅತ್ತರು. ನನಗೆ ನೋವಿನಲ್ಲಿ ಅದೂ ತಲೆಗೆ ಹೋಗಲಿಲ್ಲ. ಆಮೇಲೆ ಬಲಗೈಯ ಎರಡು ಬೆರಳಿಗೆ ಬಂತು. ತೆಂಗಿನಕಾಯಿ ಊರಿನಲ್ಲಿದ್ದೂ ಕಾಯಿ ತುರಿಯಲಾಗದ ಹಾಗಾಯಿತು. ಕುಕ್ಕರ್ ಮುಚ್ಚಳ ತೆಗೆಯಲು ಮಗನನ್ನು ಕೂಗಬೇಕು. ಮುದ್ದೆ ತೊಳೆಸುವ ಕೆಲಸವನ್ನು ನಮ್ಮ ಯಜಮಾನರು ಕಲಿತರು. ಗಂಟು ಗಂಟಾದರೂ ತಿಂದೆವು.

ಊರಿನ ಒಂದು ಕ್ಲಿನಿಕ್ಕಿನಲ್ಲಿ ಆರ್.ಎ. ಎಂಬ ರಕ್ತಪರೀಕ್ಷೆ ಮಾಡಿಸಿ, "ನೆಗೆಟಿವ್ ಬಂದಿದೆ, ವಾತ ಇಲ್ಲ" ಎಂದರು. ನೋವಿನ ಮಾತ್ರೆ ಕೊಟ್ಟರು. ಅದು ಸಾಲದು ಅಂತಾದಾಗ ಒಂದು ಇಂಜೆಕ್ಷನ್ ಕೊಟ್ಟರು. ಎರಡು ವಾರ ಸ್ವರ್ಗ. ಆಮೇಲೆ ಮೊದಲಿಗಿಂತ ಜೋರಾಗಿ ಬಂತು, ಮೈಮೇಲಿನ ಹೊಟ್ಟೂ ಹೆಚ್ಚಿತು. ಅದು ಸ್ಟೆರಾಯ್ಡ್ ಅಂತ ಗೊತ್ತಾದದ್ದು ಬೆಂಗಳೂರಿಗೆ ಹೋದ ಮೇಲೆ. ಸ್ಟೆರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೇಕಾದಾಗ ಬೇಕೇ. ಆದರೆ ಸೋರಿಯಾಸಿಸ್ ಇರುವವರು ಮಾತ್ರೆಯಲ್ಲೋ ಇಂಜೆಕ್ಷನ್ನಿನಲ್ಲೋ ಅದನ್ನು ತೆಗೆದುಕೊಂಡು ತಟ್ಟನೆ ನಿಲ್ಲಿಸಿದರೆ ಚರ್ಮದ ಕಾಯಿಲೆ ಉಲ್ಬಣಿಸಬಹುದು. ಕೀವುಗುಳ್ಳೆ ಏಳುವಷ್ಟಕ್ಕೂ ಹೋಗಬಹುದು. ಸಂತೆಯಲ್ಲಿ ಮಾರುವ ಹೆಸರಿಲ್ಲದ "ವಾತದ ಪುಡಿ"ಯಲ್ಲೂ ಎಷ್ಟೋ ಸಲ ಕಲಬೆರಕೆಯಾಗಿರುವುದು ಇದೇ.

ಆರ್.ಎ. ಪರೀಕ್ಷೆ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಬರುತ್ತದೆ. ಇದನ್ನು ತೋರಿಸುವ ಒಂದು ರಕ್ತಪರೀಕ್ಷೆ ಅಂತ ಇಲ್ಲ. ಚರ್ಮ, ಉಗುರು, ಕೀಲು, ಮನೆತನದಲ್ಲಿ ಯಾರಿಗಿತ್ತು, ಇವೆಲ್ಲ ನೋಡಿ ನಿರ್ಧರಿಸಬೇಕು. ಇದನ್ನು ನೋಡುವವರು ರುಮಟಾಲಜಿಸ್ಟ್, ಅಂದರೆ ಕೀಲುವಾತದ ತಜ್ಞರು. ಬೆಂಗಳೂರಿನ ಡಾಕ್ಟರಮ್ಮ ನನ್ನ ಕೈ ಮುಟ್ಟುವ ಮೊದಲೇ ಕಿವಿಯ ಹಿಂದೆ ಕೂದಲು ಸರಿಸಿ ನೋಡಿದರು! ಅಲ್ಲಿಯವರೆಗೆ ಯಾರೂ ಅಲ್ಲಿ ಕಣ್ಣು ಹಾಯಿಸಿರಲಿಲ್ಲ. "ಇದನ್ನು ಹೀಗೇ ಬಿಟ್ಟರೆ ಕೀಲು ಸವೆದು ಸೊಟ್ಟಗಾಗುತ್ತದೆ, ಸೊಟ್ಟಗಾದದ್ದನ್ನು ಮಾತ್ರೆಯಿಂದ ನೆಟ್ಟಗೆ ಮಾಡೋಕಾಗಲ್ಲ" ಎಂದರು. ಐರ್ಲೆಂಡಿನ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಜ್ಞರ ಬಳಿ ಹೋಗಲು ಆರು ತಿಂಗಳು ತಡವಾದವರಲ್ಲೂ ಕೀಲಿನ ಹಾನಿ ಹೆಚ್ಚು ಕಂಡುಬಂದಿತ್ತು. "ಮಗಳ ಪರೀಕ್ಷೆ ಮುಗೀಲಿ, ಹಬ್ಬ ಕಳೀಲಿ" ಅಂತ ನಾವು ಮುಂದೂಡುತ್ತೇವಲ್ಲ, ಆ ಆರು ತಿಂಗಳು ಹೀಗೇ ಹೋಗಿಬಿಡುತ್ತದೆ.

"ಅದು ಕ್ಯಾನ್ಸರ್ ಮಾತ್ರೆಯಂತೆ!"

ಡಾಕ್ಟರಮ್ಮ ಬರೆದುಕೊಟ್ಟದ್ದು ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ. ಹಳದಿ ಬಣ್ಣದ ಪುಟ್ಟ ಗುಳಿಗೆ. ಮನೆಗೆ ಬಂದು ಎರಡು ದಿನವಾಗಿರಲಿಲ್ಲ, ನನ್ನ ನಾದಿನಿಯ ಫೋನು: "ಅತ್ತಿಗೆ, ಅದು ಕ್ಯಾನ್ಸರ್ ಮಾತ್ರೆಯಂತೆ, ನಿಜ ಹೇಳಿ, ನಿಮಗೇನಾಗಿದೆ?" ಅತ್ತೆಯವರಿಗೆ ಅದು ಕೇಳಿಸಿ ಮನೆಯಲ್ಲಿ ಮತ್ತೆ ಅಳು. ನಿಮ್ಮ ಮನೆಯಲ್ಲೂ ಈ ಮಾತು ಖಂಡಿತ ಬರುತ್ತದೆ. ಆದ್ದರಿಂದ ಇದರ ಕಥೆ ತಿಳಿದಿರಲಿ. ಕಥೆಯಲ್ಲಿ ನಮ್ಮ ದೇಶದ ಪಾಲೂ ದೊಡ್ಡದೇ ಇದೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿ ಹೆಂಗಸರಿಗೆ ರಕ್ತ ಕಡಿಮೆಯಾಗುವುದೇಕೆ ಎಂದು ಹುಡುಕಿ, ಈಸ್ಟಿನ ಸಾರದಿಂದ ಅದು ಗುಣವಾಗುವುದನ್ನು ಕಂಡುಕೊಂಡರು. ಆ ಸಾರದಲ್ಲಿದ್ದ ಸತ್ವವೇ ಮುಂದೆ ಫೋಲಿಕ್ ಆಸಿಡ್ ಎಂದು ಹೆಸರಾಯಿತು. ನಾವೆಲ್ಲ ಬಸುರಿಯರಾಗಿದ್ದಾಗ ನುಂಗಿದ್ದೇವಲ್ಲ, ಅದೇ! ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯ ಓದಿ, 1923ರಲ್ಲಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಎಂಬ ವಿಜ್ಞಾನಿ ಇದ್ದರು. ಲೆಡರ್ಲಿ ಪ್ರಯೋಗಾಲಯದಲ್ಲಿ ಅವರ ತಂಡವೇ ಫೋಲಿಕ್ ಆಸಿಡ್ಡನ್ನು ಕೃತಕವಾಗಿ ತಯಾರಿಸಿತು. ಅದಕ್ಕೆ ಎದುರಾಳಿಯಾಗಿ ಕೆಲಸ ಮಾಡುವ ಔಷಧಿಗಳನ್ನೂ ತಯಾರಿಸಿತು. ಆ ಎದುರಾಳಿಗಳಲ್ಲಿ ಮೊದಲು ಹೆಸರು ಮಾಡಿದ್ದು ಅಮಿನಾಪ್ಟೆರಿನ್. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರ ತಮ್ಮನಂಥ ಔಷಧಿಯೇ ಮೆಥೊಟ್ರೆಕ್ಸೇಟ್. ಅದೇ 1948ರಲ್ಲಿ ಸುಬ್ಬರಾವ್ ತೀರಿಕೊಂಡರು. 1951ರಲ್ಲಿ ಅಮೆರಿಕದ ವೈದ್ಯರು ಅಮಿನಾಪ್ಟೆರಿನ್ನನ್ನು ಕೀಲುವಾತದವರಿಗೆ ಕೊಟ್ಟು ನೋಡುತ್ತಿದ್ದಾಗ, ಸೋರಿಯಾಸಿಸ್ ಇದ್ದವರ ಚರ್ಮ ತಿಳಿಯಾದದ್ದನ್ನು ಗಮನಿಸಿದರು. 1964ರ ಹೊತ್ತಿಗೆ ನಮ್ಮ ಈ ಕಾಯಿಲೆಗೇ ಮೆಥೊಟ್ರೆಕ್ಸೇಟ್ ಕೊಟ್ಟು ಪರೀಕ್ಷೆ ಮಾಡಿದ್ದಾಗಿತ್ತು. ಅಂದರೆ ಇದು ನಿನ್ನೆ ಮೊನ್ನೆಯ ಔಷಧಿ ಅಲ್ಲ.

ಕ್ಯಾನ್ಸರಿಗೆ ಕೊಡುವುದು ನಿಜ. ಅಲ್ಲಿ ಗ್ರಾಂ ಲೆಕ್ಕದಲ್ಲಿ ಕೊಡುವುದೂ ಉಂಟು. ನಮ್ಮ ಕಾಯಿಲೆಗೆ ಇಡೀ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಒಗ್ಗರಣೆಗೆ ಹಾಕುವ ಇಂಗಿಗೂ ಅನ್ನಕ್ಕೆ ಹಾಕುವ ಅಕ್ಕಿಗೂ ಇರುವ ವ್ಯತ್ಯಾಸ ಅಂದುಕೊಳ್ಳಿ. ಇಷ್ಟು ಕಡಿಮೆ ಪ್ರಮಾಣದಲ್ಲಿ ಅದು ಮಾಡುವುದು ಕಾವಲು ನಾಯಿಯ ಆರ್ಭಟವನ್ನು ತಗ್ಗಿಸುವ ಕೆಲಸ.

ವಾರಕ್ಕೆ ಒಂದೇ ದಿನ

ಸೋದರಿಯರೇ, ಈ ಲೇಖನದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ. ಈ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆ ನುಂಗುವ ಅಭ್ಯಾಸದಲ್ಲಿ ಇದನ್ನೂ ದಿನಾ ನುಂಗಿ ಪ್ರಾಣ ಕಳೆದುಕೊಂಡವರು ಬೇರೆ ಬೇರೆ ದೇಶಗಳಲ್ಲಿದ್ದಾರೆ. ದಿನಾ ತೆಗೆದುಕೊಂಡರೆ ಬಾಯಿ ಗಂಟಲೆಲ್ಲ ಹುಣ್ಣಾಗುತ್ತದೆ, ಬಿಳಿರಕ್ತಕಣ ಕುಸಿಯುತ್ತದೆ, ಸಣ್ಣ ಸೋಂಕೂ ಮೈಯೆಲ್ಲ ಹರಡುತ್ತದೆ. ಯೂರೋಪಿನ ಔಷಧ ಸಂಸ್ಥೆ 2019ರಲ್ಲಿ ಇದಕ್ಕೆಂದೇ ಹೊಸ ಎಚ್ಚರಿಕೆಗಳನ್ನು ಹೊರಡಿಸಬೇಕಾಯಿತು.

ನಮ್ಮ ಮನೆಯಲ್ಲಿ ಆದದ್ದು ಕೇಳಿ. ಡಾಕ್ಟರಮ್ಮ ಚೀಟಿಯಲ್ಲಿ ಕನ್ನಡದಲ್ಲೇ "ಭಾನುವಾರ ರಾತ್ರಿ ಮಾತ್ರ" ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದು, ನನ್ನ ಬಾಯಲ್ಲೇ ಮೂರು ಸಲ ಹೇಳಿಸಿದ್ದರು. ಸ್ಕೂಲಿನಲ್ಲಿ ಮಗ್ಗಿ ಒಪ್ಪಿಸಿದ ಹಾಗಾಯಿತು. ಎರಡನೇ ತಿಂಗಳು ಯಜಮಾನರು ಊರಿನ ಒಂದು ಔಷಧಿ ಅಂಗಡಿಯಿಂದ ಮಾತ್ರೆ ತಂದರು. ಅಂಗಡಿಯ ಹುಡುಗ ಕವರಿನ ಮೇಲೆ ಬರೆದದ್ದು "ರಾತ್ರಿ 1, ಊಟ ಆದ ಮೇಲೆ". ವಾರ ಇಲ್ಲ, ಏನಿಲ್ಲ. ಮಗ್ಗಿ ಒಪ್ಪಿಸಿದ್ದಕ್ಕೆ ನಾನು ಉಳಿದೆ. ಯಜಮಾನರು ತಿರುಗಿ ಹೋಗಿ ಕೇಳಿದರೆ, "ಎಲ್ಲಾ ಮಾತ್ರೆಗೂ ಹಾಗೇ ಬರೀತೀವಿ ಸಾರ್" ಎಂದನಂತೆ. ಓದು ಬಾರದ ಅಜ್ಜಿಯೊಬ್ಬರು, ಸೊಸೆ ಆ ಕವರ್ ಓದಿ ದಿನಾ ಕೊಡುತ್ತಾ ಹೋದರೆ ಗತಿಯೇನು?

ಅದಕ್ಕೆ ನಾನು ಮಾಡಿಕೊಂಡಿರುವ ವ್ಯವಸ್ಥೆ ಇದು. ಗೋಡೆ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಕೆಂಪು ಶಾಯಿಯ ಸುತ್ತು. ನುಂಗಿದ ತಕ್ಷಣ ಸುತ್ತಿನೊಳಗೆ ಒಂದು ಗೀಟು. ಈ ಮಾತ್ರೆ ಬೇರೆ ಮಾತ್ರೆಗಳ ಡಬ್ಬಿಯಲ್ಲಿ ಇರುವುದಿಲ್ಲ, ಬೀರುವಿನಲ್ಲಿ ಬೇರೆಯೇ ಇರುತ್ತದೆ. 2.5, 5, 7.5, 10 ಮಿಲಿಗ್ರಾಂ ಹೀಗೆ ನಾಲ್ಕಾರು ಅಳತೆಯಲ್ಲಿ ಸಿಗುತ್ತದೆ, ನೋಡಲು ಒಂದೇ ತರಹ. ಹಾಗಾಗಿ ಪ್ರತಿ ಸಲ ಒಂದೇ ಅಳತೆಯದನ್ನೇ ತರಿಸುತ್ತೇನೆ. ಒಂದು ವಾರ ಮರೆತುಹೋದರೆ ಮುಂದಿನ ವಾರ ಎರಡು ಪಟ್ಟು ನುಂಗುವ ಹಾಗಿಲ್ಲ. ಡಾಕ್ಟರಿಗೆ ಫೋನು ಮಾಡಿ ಕೇಳಬೇಕು. ತಪ್ಪಿ ಹೆಚ್ಚಾಗಿ ನುಂಗಿಬಿಟ್ಟಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ಅದಕ್ಕೆ ಮಾರುಮದ್ದು ಉಂಟು, ಆದರೆ ಬೇಗ ಕೊಟ್ಟಷ್ಟೂ ಒಳ್ಳೆಯದು.

ಇದರ ಜೊತೆಗೇ ಫೋಲಿಕ್ ಆಸಿಡ್ ಮಾತ್ರೆಯನ್ನೂ ಕೊಡುತ್ತಾರೆ. ಬಾಯಿಹುಣ್ಣು, ವಾಕರಿಕೆ ಕಡಿಮೆಯಾಗಲಿ ಅಂತ. ಮೆಥೊಟ್ರೆಕ್ಸೇಟ್ ನುಂಗಿದ ದಿನ ಬಿಟ್ಟು ಬೇರೆ ದಿನ. ನನಗೆ ಬುಧವಾರ. ಲೂಸಿ ವಿಲ್ಸ್ ಅವರನ್ನು ಬುಧವಾರ ನೆನೆಯುತ್ತೇನೆ, ಸುಬ್ಬರಾಯರನ್ನು ಭಾನುವಾರ!

ಏನೇನಾಗುತ್ತದೆ, ಏನೇನು ನೋಡಿಕೊಳ್ಳಬೇಕು

ನುಂಗಿದ ಮರುದಿನವೇ ನೋವು ಮಾಯವಾಗುವುದಿಲ್ಲ. ಆರರಿಂದ ಹನ್ನೆರಡು ವಾರ ಬೇಕು. ಎಷ್ಟೋ ಜನ ಮೊದಲ ತಿಂಗಳಲ್ಲೇ "ಏನೂ ಉಪಯೋಗವಿಲ್ಲ" ಅಂತ ಬಿಟ್ಟುಬಿಡುವುದು ಇದಕ್ಕೇ. ನನಗೆ ಒಂಬತ್ತನೇ ವಾರ ಒಂದು ಬೆಳಿಗ್ಗೆ ಎದ್ದು ಹಾಲು ಕಾಯಿಸಿ, ಕಾಫಿ ಬೆರೆಸಿ ಲೋಟ ಎತ್ತಿದ ಮೇಲೆ ಹೊಳೆಯಿತು, ಬೆರಳು ಮಡಿಸಿದ್ದೇನೆ ಅಂತ.

ಸೋಮವಾರ ಬೆಳಿಗ್ಗೆ ಮಾತ್ರ ಹೊಟ್ಟೆ ತೊಳಸುತ್ತಿತ್ತು, ಬಸುರಿಯ ವಾಕರಿಕೆಯ ಹಾಗೆ. ರಾತ್ರಿ ಊಟದ ಮೇಲೆ ನುಂಗಿ ಮಲಗಿದರೆ ಅದು ಕಡಿಮೆ. ತೀರಾ ಆಗದವರಿಗೆ ಚರ್ಮದಡಿಗೆ ಕೊಡುವ ಇಂಜೆಕ್ಷನ್ ಇದೆ. ಕೂದಲು ಸ್ವಲ್ಪ ಉದುರಿತು. ಬಾಯಿಹುಣ್ಣಾದ ವಾರ ಗಂಜಿ, ಮಜ್ಜಿಗೆ, ಖಾರವಿಲ್ಲದ ತಿಳಿಸಾರು. ಹುಣ್ಣು ಹೆಚ್ಚಾದರೆ ಮಾತ್ರ ಅದು ರಕ್ತಕಣ ಕಡಿಮೆಯಾದ ಸೂಚನೆಯಿರಬಹುದು, ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ.

ಮಾತ್ರೆ ಶುರುಮಾಡುವ ಮುಂಚೆ ಎದೆಯ ಎಕ್ಸ್‌ರೇ, ಕಾಮಾಲೆ ವೈರಸ್ಸುಗಳ ಪರೀಕ್ಷೆ, ರಕ್ತಕಣ, ಲಿವರ್, ಮೂತ್ರಪಿಂಡ ಎಲ್ಲ ನೋಡುತ್ತಾರೆ. ಶುರುವಾದ ಮೇಲೆ ಮೊದಲಲ್ಲಿ ಎರಡು ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. "ಚೆನ್ನಾಗೇ ಇದ್ದೀನಲ್ಲ, ಯಾಕೆ ದುಡ್ಡು ದಂಡ" ಅಂತ ತಪ್ಪಿಸುವ ಹಾಗಿಲ್ಲ. ಲಿವರಿಗೆ ಪೆಟ್ಟಾದರೆ ಅದು ನೋವಿನಿಂದ ಹೇಳುವುದಿಲ್ಲ, ಕಾಗದದಲ್ಲಿ ಮಾತ್ರ ಹೇಳುತ್ತದೆ. ಮಾತ್ರೆ ಕೆಲವೇ ರೂಪಾಯಿಯದು, ಖರ್ಚೆಲ್ಲ ಪರೀಕ್ಷೆಗೆ. ಇದೇ ಮಾತ್ರೆ ತೆಗೆದುಕೊಳ್ಳುವ ಗಂಡಸರಿದ್ದರೆ ಕುಡಿತ ಬಿಡಲೇಬೇಕು. ಅದನ್ನು ಹೇಳುವ ಕೆಲಸ ಹೆಂಡತಿಯ ಮೇಲೇ ಬೀಳುತ್ತದೆ, ಗೊತ್ತು.

ಮದುವೆಯಾಗಿ ಮಕ್ಕಳಾಗಬೇಕಾದ ಹೆಣ್ಣುಮಕ್ಕಳು ಇದನ್ನು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಸುರಿಯಲ್ಲಿ ಈ ಮಾತ್ರೆ ಕೂಡದು. ಹೊಟ್ಟೆಯಲ್ಲಿರುವ ಮಗುವಿನ ಅಂಗಾಂಗಕ್ಕೇ ಹಾನಿ, ಗರ್ಭಪಾತವೂ ಆಗಬಹುದು. ಮೊಲೆಯೂಡಿಸುವವರಿಗೂ ಬೇಡ. ಮಗು ಬೇಕೆನ್ನುವುದಾದರೆ ಎಷ್ಟೋ ತಿಂಗಳು ಮೊದಲೇ ವೈದ್ಯರಿಗೆ ಹೇಳಿ, ಅವರು ಹೇಳಿದಷ್ಟು ಕಾಲ ಮಾತ್ರೆ ನಿಲ್ಲಿಸಿರಬೇಕು. ಬೇರೆ ಔಷಧಿಗಳಿವೆ. ಅತ್ತೆಮನೆಯವರ ಎದುರಿಗೆ ಇದನ್ನು ಹೇಳಲು ಸಂಕೋಚವಾಗಿ ಬಚ್ಚಿಟ್ಟುಕೊಂಡು ನುಂಗುವ ಹುಡುಗಿಯರಿದ್ದಾರೆ. ತಾಯಂದಿರೇ, ಮಗಳ ಬಳಿ ನೀವೇ ಬಾಯಿಬಿಟ್ಟು ಮಾತನಾಡಿ.

ಜ್ವರ, ಒಣಕೆಮ್ಮು, ಏದುಸಿರು, ವಾಂತಿಭೇದಿ ಬಂದರೆ ಆ ವಾರದ ಮಾತ್ರೆ ನುಂಗುವ ಮೊದಲು ಡಾಕ್ಟರನ್ನು ಕೇಳಬೇಕು. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ "ನಾನು ಮೆಥೊಟ್ರೆಕ್ಸೇಟ್ ತೊಗೋತೀನಿ" ಅಂತ ಮೊದಲ ಮಾತಾಗಿ ಹೇಳಿ. ಮೂತ್ರದ ಉರಿಗೆ, ಕೆಮ್ಮಿಗೆ ಸಲೀಸಾಗಿ ಬರೆಯುವ ಕೋಟ್ರೈಮಾಕ್ಸಜೋಲ್ ಎಂಬ ಸಲ್ಫಾ ಮಾತ್ರೆ ಇದರ ಜೊತೆ ಸೇರಿದರೆ ರಕ್ತಕಣ ಅಪಾಯಕ್ಕೆ ಇಳಿಯಬಹುದು. 2020ರ ಲಾಕ್‌ಡೌನಿನಲ್ಲಿ "ರೋಗನಿರೋಧಕ ಶಕ್ತಿ ಕುಗ್ಗಿಸೋ ಮಾತ್ರೆ, ಬಿಟ್ಟುಬಿಡು" ಅಂತ ಬೀದಿಯೆಲ್ಲ ಹೇಳಿತು. ಡಾಕ್ಟರಮ್ಮ ಫೋನಿನಲ್ಲಿ, "ಸೋಂಕು ಬಂದರೆ ನಿಲ್ಲಿಸಿ, ಬಾರದೆ ನಿಲ್ಲಿಸಬೇಡಿ" ಎಂದರು. ಹಾಗೇ ಮಾಡಿದೆ.

ಇದರಿಂದ ಬಗ್ಗದಿದ್ದರೆ?

ಎಲ್ಲರಿಗೂ ಇದೊಂದೇ ಸಾಕಾಗುವುದಿಲ್ಲ. ಬೆನ್ನುಮೂಳೆಗೆ ಕಾಯಿಲೆ ಇಳಿದಿದ್ದರೆ ಮೆಥೊಟ್ರೆಕ್ಸೇಟ್ ಅಲ್ಲಿ ಕೈಲಾಗದು. ಸಲ್ಫಾಸಲಜಿನ್, ಲೆಫ್ಲುನಮೈಡ್ ಎಂಬ ಮಾತ್ರೆಗಳು ಕೈಕಾಲಿನ ಕೀಲುಗಳಿಗೆ ಉಂಟು. ಅದರ ಮೇಲಿನದು ಬಯಾಲಜಿಕ್ ಎಂಬ ಇಂಜೆಕ್ಷನ್ನುಗಳು. ಈ ಕಾಯಿಲೆಗೆಂದು ಮೊದಲು ಒಪ್ಪಿಗೆ ಪಡೆದದ್ದು 2002ರಲ್ಲಿ ಅಮೆರಿಕದಲ್ಲಿ, ಎಟನರ್ಸೆಪ್ಟ್. ಆಮೇಲೆ ಅಡಾಲಿಮುಮಾಬ್ ಬಂತು. 2014ರ ಕೊನೆಯಲ್ಲಿ ನಮ್ಮ ದೇಶದ ಕಂಪನಿಯೇ ಅದನ್ನು ತಯಾರಿಸಲು ಶುರುಮಾಡಿದ ಮೇಲೆ ಬೆಲೆ ಇಳಿದಿದೆ. ಇಳಿದರೂ ನಮ್ಮಂಥವರಿಗೆ ಭಾರವೇ. ಚರ್ಮದ ಸೋರಿಯಾಸಿಸ್ಸಿಗೆ ಬೆಂಗಳೂರಿನ ಬಯೋಕಾನ್ ಕಂಪನಿ 2013ರಲ್ಲಿ ಇಟೊಲಿಜುಮಾಬ್ ಎಂಬುದನ್ನು ಹೊರತಂದಿತು. ಬಯಾಲಜಿಕ್ ಕೊಡುವ ಮುಂಚೆ ಕ್ಷಯದ ಪರೀಕ್ಷೆ ಕಡ್ಡಾಯ. ನಮ್ಮ ದೇಶದಲ್ಲಿ ಎಷ್ಟೋ ಜನರ ಮೈಯೊಳಗೆ ಕ್ಷಯದ ಅಣು ಮಲಗಿರುತ್ತದೆ. ಕಾವಲು ಸಡಿಲವಾದರೆ ಅದು ಏಳುತ್ತದೆ. ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಷಯ ಬಂದಿದ್ದರೆ ಮುಚ್ಚಿಡಬೇಡಿ.

ಪಥ್ಯದ ಬಗ್ಗೆ ಎಲ್ಲರೂ ಕೇಳುತ್ತಾರೆ. ಬದನೆಕಾಯಿ ಬಿಡು, ಹುಳಿ ಬಿಡು, ಆಲೂಗಡ್ಡೆ ಬಿಡು ಎಂದು ನನಗೆ ಹೇಳದವರಿಲ್ಲ. ಎಲ್ಲ ಬಿಟ್ಟರೆ ತಿನ್ನುವುದೇನು? ಡಾಕ್ಟರಮ್ಮ ಯಾವುದನ್ನೂ ಬಿಡಿಸಲಿಲ್ಲ, ತೂಕ ಇಳಿಸಲು ಮಾತ್ರ ಹೇಳಿದರು. ತೂಕ ಹೆಚ್ಚಿದ್ದರೆ ಕೀಲಿಗೂ ಭಾರ, ಔಷಧಿಯೂ ಸರಿಯಾಗಿ ಹತ್ತುವುದಿಲ್ಲವಂತೆ. ಬೆಳಗಿನ ಹೊತ್ತು ಬಿಸಿನೀರಿನ ಬಕೆಟ್ಟಿನಲ್ಲಿ ಐದು ನಿಮಿಷ ಕೈ ಅದ್ದಿಟ್ಟುಕೊಂಡರೆ ಬೆರಳು ಬಿಡುತ್ತದೆ. ಒದ್ದೆ ಬಟ್ಟೆಯನ್ನು ಹಿಂಡುವ ಬದಲು ನಲ್ಲಿಗೆ ಸುತ್ತಿ ಎಳೆದರೆ ಗೆಣ್ಣಿಗೆ ಕಡಿಮೆ ಪೆಟ್ಟು. ಸೌಟು, ಲಟ್ಟಣಿಗೆಗಳ ಹಿಡಿಗೆ ಹಳೆಯ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಿದ್ದೇನೆ.

ಬೆಂಗಳೂರಿಗೆ ಹೋಗುವಾಗ ಒಂದು ಫೈಲಿನಲ್ಲಿ ಹಳೆಯ ಚೀಟಿಗಳು, ತಾರೀಖಿನ ಪ್ರಕಾರ ಜೋಡಿಸಿದ ರಕ್ತದ ವರದಿಗಳು, ಊದಿದ್ದ ದಿನ ಮೊಬೈಲಿನಲ್ಲಿ ತೆಗೆದ ಬೆರಳಿನ ಫೋಟೋ, ಇಷ್ಟನ್ನೂ ಒಯ್ಯಿರಿ. ಡಾಕ್ಟರ ಮುಂದೆ ಕೂತ ದಿನ ಬೆರಳು ಊದಿರುವುದೇ ಇಲ್ಲ! ರಕ್ತಪರೀಕ್ಷೆಯನ್ನು ನಮ್ಮೂರಲ್ಲೇ ಮಾಡಿಸಿ ವರದಿಯನ್ನು ಫೋನಿನಲ್ಲಿ ಕಳಿಸಬಹುದು, ಅದಕ್ಕೆಂದು ರೈಲು ಹತ್ತಬೇಕಾಗಿಲ್ಲ. ಹೊರಡುವ ಮುಂಚೆ ಚೀಟಿಯಲ್ಲಿ ವಾರದ ಹೆಸರನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ಔಷಧಿ ಅಂಗಡಿಯವರು ಕವರಿನ ಮೇಲೆ ಬರೆದದ್ದನ್ನು ಅಲ್ಲೇ ನಿಂತು ಓದಿ ನೋಡಿ.